ಕೂಗು ಹಾಕಿದ ಮೇಲೆ

ಕೊಟ್ಟಿಗೆಹಾರದ ಚಳಿಗಾಲಕ್ಕೆ ಬಂದವರು ಮೆಚ್ಚಿಕೊಂಡು ಹೋಗುವ ಸಂಗತಿಗಳಿಗೆ ಕೊರತೆಯಿಲ್ಲ. ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹುಳಿಗಂಪು, ಬೆಳಗಿನ ಹೊತ್ತು ಕಣಿವೆಯಲ್ಲಿ ಮಡುಗಟ್ಟಿ ನಿಲ್ಲುವ ಮಂಜು, ಹೆಂಚಿನಿಂದ ಎದ್ದ ಕೂಡಲೇ ತಟ್ಟೆಗೆ ಬೀಳುವ ನೀರುದೋಸೆ. ಇವೆಲ್ಲ ನನಗೂ ಪ್ರೀತಿಯವೇ. ಆದರೆ ಈ ಸೀಮೆಯ ಚಳಿಗಾಲದಲ್ಲಿ ಎಲ್ಲಕ್ಕಿಂತ ಸೊಗಸಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು, ಗುಡ್ಡದಲ್ಲಿ ದಾರಿ ತಪ್ಪಿದವರನ್ನು ಹುಡುಕಿಕೊಂಡು ಕತ್ತಲಲ್ಲಿ ಹೊರಡುವ ಊರಿನ ಹುಡುಗರ ಕೆಲಸವನ್ನು. ಅದರಲ್ಲೂ ಒಂದು ಗಳಿಗೆಯನ್ನು.

ಮುಂದೆ ನಡೆಯುವವನು ಏಣಿನ ಅಂಚಿಗೆ ಬಂದು ನಿಂತು, ಎರಡೂ ಕೈ ಬಾಯಿಗೆ ಆನಿಸಿ ಕಣಿವೆಗೆ ಒಂದು ಉದ್ದನೆಯ ಕೂಗು ಹಾಕುತ್ತಾನೆ. ಹೆಸರು ಹಿಡಿದು ಕರೆಯುವುದಲ್ಲ. ಮಾತಿಲ್ಲದ, ಬರೀ ಸ್ವರದ ಕೂಗು. ಹೆಸರಿನ ವ್ಯಂಜನಗಳು ಗಾಳಿಯಲ್ಲಿ ಅರ್ಧ ದಾರಿಗೇ ಚೂರಾಗುತ್ತವೆ, ಸ್ವರ ಮಾತ್ರ ಆಚೆ ದಡ ಮುಟ್ಟುತ್ತದೆ. ಕೂಗು ಮುಗಿದದ್ದೇ ತಡ, ಇಡೀ ಗುಂಪು ನಿಂತುಬಿಡುತ್ತದೆ. ಬೀಡಿ ಹಚ್ಚಲು ಹೊರಟವನ ಕೈ ಜೇಬಿನಲ್ಲೇ ಉಳಿಯುತ್ತದೆ. ಒಣಹುಲ್ಲು ಚರಪರ ಎನ್ನಬಾರದೆಂದು ಎತ್ತಿದ ಕಾಲನ್ನು ಬೆರಳ ತುದಿಯಿಂದ ಇಳಿಸುತ್ತಾರೆ. ಮೊದಲು ಎದುರು ಗುಡ್ಡದಿಂದ ನಮ್ಮದೇ ಕೂಗು ಮರಳಿ ಬರುತ್ತದೆ. ಅದನ್ನು ಬರಗೊಟ್ಟು, ಸಾಯಗೊಟ್ಟು, ಆಮೇಲೆ ಕೇಳಬೇಕು. ಕೆಳಗೆಲ್ಲೋ ಹಳ್ಳದ ಸದ್ದು. ಘಾಟಿಯ ತಿರುವಿನಲ್ಲಿ ಲಾರಿಯೊಂದು ಗೇರು ಬದಲಿಸಿದ ಸದ್ದು. ಒಂದು ಗೂಬೆ. ಇವನ್ನೆಲ್ಲ ಒಂದೊಂದಾಗಿ ಪಕ್ಕಕ್ಕೆ ಸರಿಸಿ, ಅದರಡಿಯಲ್ಲಿ ಮನುಷ್ಯನ ದನಿಯೇನಾದರೂ ಇದೆಯೇ ಎಂದು ಕಿವಿ ಹುಡುಕುತ್ತದೆ. ಹತ್ತು ಜನ ಗಂಡಸರು ಒಟ್ಟಿಗೆ ಇಷ್ಟು ಗಾಢವಾಗಿ ಮೌನವಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ, ದೇವಸ್ಥಾನದಲ್ಲೂ ಕಂಡಿಲ್ಲ.

ಹೊಸಬರು ಮಾಡುವ ಮೊದಲ ತಪ್ಪು ಎಲ್ಲರೂ ಸೇರಿ ಕೂಗುವುದು. ಕೂಗುವುದರಲ್ಲಿ ಒಂದು ಸಮಾಧಾನವಿದೆ, ಏನೋ ಮಾಡುತ್ತಿದ್ದೇವೆ ಅನ್ನಿಸುತ್ತದೆ. ಆದರೆ ಕಣಿವೆಯಲ್ಲಿ ಕಾಲು ಉಳುಕಿಸಿಕೊಂಡು ಕೂತವನ ದನಿ ಹೊತ್ತು ಹೋದಂತೆ ಸಣ್ಣದಾಗುತ್ತ ಹೋಗುತ್ತದೆ. ಚಳಿಯಲ್ಲಿ ದವಡೆ ಬಿಗಿದವನ ಉತ್ತರ ನರಳಿಕೆಗಿಂತ ದೊಡ್ಡದಾಗಿರುವುದಿಲ್ಲ. ಅದನ್ನು ಹಿಡಿಯಬೇಕಾದರೆ ಒಬ್ಬ ಕೂಗಬೇಕು, ಉಳಿದವರೆಲ್ಲ ಕೇಳಬೇಕು. ಕೇಳುವವರೇ ಹೆಚ್ಚು ಜನ ಇರಬೇಕು. ಈ ಲೆಕ್ಕಾಚಾರದ ಅಂದ ನನಗೆ ಇಂದಿಗೂ ಹಳೆಯದಾಗಿಲ್ಲ.

ಇಲ್ಲಿ ಜನ ಯಾಕೆ ದಾರಿ ತಪ್ಪುತ್ತಾರೆ ಎಂಬುದು ನೆಲವನ್ನು ನೋಡಿದರೆ ತಿಳಿಯುತ್ತದೆ. ಕೊಟ್ಟಿಗೆಹಾರದಲ್ಲಿ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಾಟಿಗೆ ಇಳಿಯಲು ಅಣಿಯಾಗುತ್ತದೆ. ಇನ್ನೊಂದು ದಾರಿ ಬಾಳೂರಿನ ಮೇಲೆ ಕಳಸ, ಹೊರನಾಡಿಗೆ ಹೋಗುತ್ತದೆ. ಈ ಎರಡರ ನಡುವೆ, ಸುತ್ತಮುತ್ತ, ಬಲ್ಲಾಳರಾಯನ ದುರ್ಗ, ರಾಣಿಝರಿ, ದೇವರಮನೆ, ಆಚೆಗೆ ಎತ್ತಿನಭುಜ. ಎಲ್ಲವೂ ಘಟ್ಟದ ಅಂಚು. ಮೂಡಣಕ್ಕೆ ಬಿದ್ದ ಮಳೆ ಹೇಮಾವತಿಯಾಗಿ, ಕಾವೇರಿಯಾಗಿ ಬಂಗಾಳ ಕೊಲ್ಲಿ ಸೇರುತ್ತದೆ. ನಾಲ್ಕು ಹೆಜ್ಜೆ ಆಚೆ ಪಡುವಣಕ್ಕೆ ಬಿದ್ದದ್ದು ನೇತ್ರಾವತಿಗೆ ಇಳಿದು ಮಂಗಳೂರಿನ ಕಡಲು ಸೇರುತ್ತದೆ. ನಕಾಶೆಯಲ್ಲಿ ನೋಡಲು ಇದು ಚೆಂದ. ಕತ್ತಲಲ್ಲಿ ಗಾಬರಿಯಾದವನಿಗೆ ಇದೇ ಉರುಳು. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತು ಮೂಡಣ ಮಗ್ಗುಲಿಗೆ ನಿಜ. ಅಲ್ಲಿ ಹಳ್ಳ ಯಾವುದೋ ಗದ್ದೆಗೆ, ತೋಟದ ಕೆರೆಗೆ ಕರೆದೊಯ್ಯುತ್ತದೆ. ಪಡುವಣ ಮಗ್ಗುಲಲ್ಲಿ ಅದೇ ಹಳ್ಳ ಬಂಡಾಜೆ ಅರ್ಬಿಯಂಥ ಜಲಪಾತದ ನೆತ್ತಿಗೆ ತಂದು ನಿಲ್ಲಿಸುತ್ತದೆ. ಮುಂದೆ ದಾರಿಯಿಲ್ಲ, ಹಿಂದಕ್ಕೆ ಹತ್ತಲು ಬಲವಿಲ್ಲ. ಹುಡುಕುವವರು ಇಂಥ ನೆತ್ತಿಗಳನ್ನೇ ಮೊದಲು ನೋಡುತ್ತಾರೆ.

2019ರ ಸೆಪ್ಟೆಂಬರಿನಲ್ಲಿ ಕುಮಾರ ಪರ್ವತದಲ್ಲಿ ಜೊತೆಯವರಿಂದ ಬೇರಾದ ಬೆಂಗಳೂರಿನ ಯುವಕನೊಬ್ಬ, ಕಾಡಿನಲ್ಲಿ ಸಿಕ್ಕಿದ ನೀರಿನ ಪೈಪಿನ ಜಾಡು ಹಿಡಿದು ಸುಬ್ರಹ್ಮಣ್ಯಕ್ಕೆ ಇಳಿದು ಬಂದಿದ್ದ. ನೀರು ತನಗೆ ಬೇಕಾದಲ್ಲಿಗೆ ಹೋಗುತ್ತದೆ, ಪೈಪು ಮನುಷ್ಯನಿಗೆ ಬೇಕಾದಲ್ಲಿಗೆ. ಆ ಹುಡುಗನಿಗೆ ಹೊಳೆದದ್ದು ಅದು.

ಮಳೆಗಾಲದಲ್ಲಿ ಗುಡ್ಡ ತಾನೇ ಬರಬೇಡ ಎನ್ನುತ್ತದೆ: ಜಿಗಣೆ, ಜಾರುವ ಕಲ್ಲು, ಕೈ ಚಾಚಿದರೆ ಕಾಣದ ಮಂಜು. ಚಳಿಗಾಲ ಕರೆಯುತ್ತದೆ. ಮೇಲೆ ನೀಲಿ ಆಕಾಶ, ಕೆಳಗೆ ಚಿನ್ನದ ಬಣ್ಣಕ್ಕೆ ತಿರುಗಿದ ಹುಲ್ಲು. ಆ ಹುಲ್ಲೇ ಮೋಸ. ಒಣಗಿದ ಮೇಲೆ ಇಳಿಜಾರಿನಲ್ಲಿ ಅದರಷ್ಟು ಜಾರುವುದು ಇನ್ನೊಂದಿಲ್ಲ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಆರೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ಸೂರ್ಯಾಸ್ತದ ಫೋಟೊಕ್ಕೆಂದು ನಿಂತವರಿಗೆ ಇಳಿಯಲು ಅರ್ಧ ಗಂಟೆಯ ಬೆಳಕೂ ಇರುವುದಿಲ್ಲ.

ಹುಡುಕಾಟ ಶುರುವಾಗುವುದು ಸಾಮಾನ್ಯವಾಗಿ ಹೆಂಗಸರ ಕಣ್ಣಿನಿಂದ. ಇದನ್ನು ಬರೆದವರು ಕಡಿಮೆ, ಆದ್ದರಿಂದ ನಾನು ಒತ್ತಿ ಬರೆಯುತ್ತೇನೆ. ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಗುಡ್ಡದ ಬುಡದ ತೋಟಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಣ್ಣು ಕೊಯ್ಯುವವರು ಇರುತ್ತಾರೆ. ಅವರ ಕೈ ಗಿಡದ ಮೇಲಿದ್ದರೂ ಕಣ್ಣಿಗೆ ದಾರಿ ಕಾಣುತ್ತಿರುತ್ತದೆ. ‘ಹನ್ನೊಂದು ಗಂಟೆ ಹೊತ್ತಿಗೆ ಕೆಂಪು ಬ್ಯಾಗಿನವ್ರು ಮೂರು ಜನ ಮೇಲೆ ಹೋದ್ರು. ಇಬ್ರು ಇಳ್ದಿದ್ದು ಕಂಡೆ. ಇನ್ನೊಬ್ಬ ಇಳ್ದಿಲ್ಲ.’ ಅಳತೆಯ ಹೊತ್ತಿನಲ್ಲಿ ಹಣ್ಣಿನ ಚೀಲ ಇಳಿಸುತ್ತ ಅಕ್ಕ ಒಬ್ಬರು ತೋಟದ ರೈಟರಿಗೆ ಹೀಗೆ ಹೇಳಿದ ಮಾತಿನಲ್ಲಿ ಪೊಲೀಸರಿಗೆ ಬೇಕಾದ್ದೆಲ್ಲ ಇದೆ: ಹೊತ್ತು, ಗುರುತು, ಲೆಕ್ಕ, ದಿಕ್ಕು. ಅಲ್ಲಿಂದ ಒಂದು ಫೋನು ಠಾಣೆಗೆ, ಒಂದು ಅರಣ್ಯ ಇಲಾಖೆಗೆ, ಒಂದು ಸರ್ಕಲ್ಲಿಗೆ. ಜೀಪಿನವನು, ಗ್ಯಾರೇಜಿನವನು, ಕೋಳಿ ಅಂಗಡಿಯವನು, ಮೆಣಸು ಕೊಯ್ಯುವವನು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಯಾರೂ ಯಾರನ್ನೂ ಹೊರಡಿಸುವುದಿಲ್ಲ.

ಹೀಗೆ ತಾವಾಗಿ ಹೊರಡುವುದು ಘಾಟಿಯ ಕೆಳಗೂ ಮೇಲೂ ಹಳೆಯ ರೂಢಿ. ಚಾರ್ಮಾಡಿಯ ಹಸನಬ್ಬ ಅವರು ದಶಕಗಳಿಂದ ಘಾಟಿಯಲ್ಲಿ ಅಪಘಾತಕ್ಕೆ ಸಿಕ್ಕವರ ನೆರವಿಗೆ ಹಗಲು ರಾತ್ರಿ ಎನ್ನದೆ ಓಡಿದವರು. 2023ರಲ್ಲಿ ಸಮಾಜಸೇವೆಗಾಗಿ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದಾಗ ಈ ಸೀಮೆಯಲ್ಲಿ ಖುಷಿಪಡದವರಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ‘ಶೌರ್ಯ’ ಎಂಬ ಹೆಸರಿನಲ್ಲಿ ಊರೂರಿನ ಸ್ವಯಂಸೇವಕರನ್ನು ವಿಪತ್ತಿನ ಕೆಲಸಕ್ಕೆ ಸಜ್ಜುಗೊಳಿಸಿದ್ದಾರೆ. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡಗಳು ಕುಸಿದು ಘಾಟಿ ಮುಚ್ಚಿದಾಗ ಸೈನ್ಯದವರು ಬಂದರು, ಎನ್‌ಡಿಆರ್‌ಎಫ್ ಬಂತು. ಯಾವ ಮನೆ ಯಾವ ಗುಡ್ಡದ ಬೆನ್ನಿಗಿದೆ ಎಂದು ಬಲ್ಲವರು ಮಾತ್ರ ಊರಿನವರೇ. ದೂರದ ಇಂಗ್ಲೆಂಡ್, ವೇಲ್ಸ್‌ಗಳಲ್ಲೂ ಬೆಟ್ಟದ ರಕ್ಷಣಾ ತಂಡದವರು ಸಂಬಳವಿಲ್ಲದ ಊರಿನ ಜನವೇ, ಪೊಲೀಸರು ಕರೆದಾಗ ಕೆಲಸ ಬಿಟ್ಟು ಎದ್ದು ಬರುವವರೇ ಎಂದು ಓದಿದಾಗ ನನಗೆ ಅವರು ನೆಂಟರಂತೆ ಕಂಡರು.

ಇನ್ನು ಜಾಡು ನೋಡುವ ಕೆಲಸ. ಟಾರ್ಚನ್ನು ಎದೆಮಟ್ಟದಲ್ಲಿ ಹಿಡಿದು ನೇರ ಬಿಟ್ಟರೆ ನೆಲ ಚಪ್ಪಟೆಯಾಗಿ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಮಂಡಿಗಿಂತ ಕೆಳಗೆ ಇಳಿಸಿ ಬೆಳಕನ್ನು ಓರೆಯಾಗಿ ಹಾಯಿಸಿದರೆ ಒಂದೊಂದು ಕುಳಿಗೂ ನೆರಳು ಹುಟ್ಟುತ್ತದೆ. ಶೂವಿನ ಹಿಮ್ಮಡಿ ಕೊರೆದ ಮಣ್ಣು, ಮಗ್ಗುಲಾದ ಹುಲ್ಲು, ಇಬ್ಬನಿ ಉದುರಿ ಕಪ್ಪಾದ ಪಟ್ಟಿ ಮೇಲೆದ್ದು ಬರುತ್ತವೆ. ಚಳಿಗಾಲದ ಇಬ್ಬನಿ ಹುಡುಕುವವನ ಗೆಳೆಯ. ನಸುಕಿನಲ್ಲಿ ಬೆಳ್ಳಗೆ ಹೊದ್ದ ಹುಲ್ಲಿನ ನಡುವೆ ಯಾರೋ ನಡೆದ ಗೆರೆ ಅಷ್ಟು ದೂರದಿಂದಲೇ ಕಾಣುತ್ತದೆ.

ಶೋಲಾ ಕಾಡಿನ ಬಾಯಲ್ಲಿ ದಾರಿಗಳು ಕವಲಾಗುವಲ್ಲಿ ನಾನು ಕಂಡ ಒಂದು ಜಾಣತನವನ್ನು ಹೇಳಲೇಬೇಕು. ಕಾಟಿಗಳ ದಾರಿ ಅಗಲವಾಗಿ, ತುಳಿದು ತುಳಿದು ನುಣುಪಾಗಿ ಮನುಷ್ಯರ ದಾರಿಗಿಂತ ಚೆನ್ನಾಗಿರುತ್ತದೆ. ಪೇಟೆಯವರು ಅದನ್ನೇ ನಂಬಿ ಹೋಗುತ್ತಾರೆ. ನಮ್ಮವರು ನೆಲ ನೋಡುವುದಿಲ್ಲ, ಎದೆಯ ಎತ್ತರದಲ್ಲಿ ನೋಡುತ್ತಾರೆ. ಮನುಷ್ಯ ನಡೆಯುವ ದಾರಿಯಲ್ಲಿ ಆ ಎತ್ತರದ ಟಿಸಿಲುಗಳು ಕತ್ತಿ ತಾಗಿ ತುಂಡಾಗಿರುತ್ತವೆ, ಹಳೆಯ ಗಾಯ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಪ್ರಾಣಿಗಳ ದಾರಿಯಲ್ಲಿ ಕೊಂಬೆ ಹಾಗೇ ಅಡ್ಡ ಇರುತ್ತದೆ, ದಾರಿ ಅದರಡಿ ನುಸಿಯುತ್ತದೆ. ಆದ್ದರಿಂದ ದಾರಿ ತಪ್ಪಿದವನು ಯಾವುದರಲ್ಲಿ ಹೋದ ಎಂದು ಕೇಳಿದರೆ ಉತ್ತರ ಕೈಯಲ್ಲೇ ಸಿಗುತ್ತದೆ: ಅಡ್ಡ ಕೊಂಬೆಯ ಮೇಲೆ ಹೊಸದಾಗಿ ಮುರಿದ, ಒಳಗಿನ ಹಸಿರು ಇನ್ನೂ ಹಸಿಯಾಗಿರುವ ಒಂದು ಕಡ್ಡಿ. ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದವನು ‘ಇಲ್ಲೇ’ ಅಂದ. ಇನ್ನೇನೂ ಹೇಳಲಿಲ್ಲ.

ಇಂಥ ಕಣ್ಣನ್ನು ಕನ್ನಡಕ್ಕೆ ತೋರಿಸಿಕೊಟ್ಟವರು ಈ ನೆಲದಲ್ಲೇ ಬಾಳಿದ ಪೂರ್ಣಚಂದ್ರ ತೇಜಸ್ವಿ. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲೇ ಇರುವುದು ಸರಿಯಾಗಿಯೇ ಇದೆ. 1980ರಲ್ಲಿ ಬಂದ ‘ಕರ್ವಾಲೊ’ವನ್ನು ನಾನು ಹುಡುಕಾಟದ ಕಾದಂಬರಿಯಾಗಿ ಓದುತ್ತೇನೆ. ಹಾರುವ ಓತಿಯನ್ನು ಅರಸಿ ಕಾಡಿಗೆ ಹೊರಟ ಆ ಗುಂಪಿನಲ್ಲಿ ವಿಜ್ಞಾನಿ ಇದ್ದಾರೆ, ಫೋಟೊಗ್ರಾಫರ್ ಇದ್ದಾನೆ, ಆದರೆ ಆಧಾರ ಮಂದಣ್ಣನ ಕಣ್ಣು. ಊರು ಯಾರನ್ನು ಕೆಲಸಕ್ಕೆ ಬಾರದವನು ಅನ್ನುತ್ತದೋ ಅವನಿಗೇ ಕಾಡು ತನ್ನನ್ನು ತೋರಿಸಿಕೊಳ್ಳುತ್ತದೆ. ಸರ್ಕಲ್ಲಿನಲ್ಲಿ ಕೂತು ಹೊತ್ತು ಕಳೆಯುತ್ತಾನೆ ಎಂದು ಮನೆಯವರಿಂದ ಬೈಸಿಕೊಳ್ಳುವ ಹುಡುಗ ರಾತ್ರಿ ಹತ್ತಕ್ಕೆ ಗುಡ್ಡದಲ್ಲಿ ಎಲ್ಲರಿಗಿಂತ ಮುಂದೆ ನಡೆಯುವುದನ್ನು ಕಂಡಾಗೆಲ್ಲ ನನಗೆ ಮಂದಣ್ಣನ ನೆನಪಾಗುತ್ತದೆ.

ಹಗ್ಗದ ಕೆಲಸಕ್ಕೆ ಮೆಣಸು ಕೊಯ್ಯುವವರೇ ಸರಿ. ಜನವರಿಯಿಂದ ಬೇಸಿಗೆಯವರೆಗೆ ಅವರ ಬದುಕು ಏಣಿಯ ಮೇಲೆ. ಒಂಟಿ ಬಿದಿರಿನ ಏಣಿಯನ್ನು ಸಿಲ್ವರ್ ಓಕಿಗೆ ಆನಿಸಿ, ಮೇಲೆ ಹಗ್ಗ ಬಿಗಿದು, ಮೂವತ್ತು ಅಡಿ ಎತ್ತರದಲ್ಲಿ ಎರಡೂ ಕೈ ಬಿಟ್ಟು ಗೊನೆ ಕೀಳುವವರಿಗೆ ಎತ್ತರದ ಜೊತೆ ಒಂದು ಮರ್ಯಾದೆಯ ಸಂಬಂಧವಿರುತ್ತದೆ. ಹೆದರಿಕೆಯೂ ಅಲ್ಲ, ಪುಂಡತನವೂ ಅಲ್ಲ. ಪ್ರಪಾತದ ಅಂಚಿನಲ್ಲಿ ಹಗ್ಗ ಕಟ್ಟಲು ಮರ ಆರಿಸುವುದನ್ನು ನೋಡಬೇಕು. ಮೊದಲು ಅಂಗೈಯಿಂದ ತಟ್ಟುತ್ತಾರೆ. ಆಮೇಲೆ ಬೆನ್ನು ಕೊಟ್ಟು ನೂಕುತ್ತಾರೆ. ಬುಡದ ಮಣ್ಣು ಮಿಸುಕಿತೇ ಎಂದು ಇನ್ನೊಬ್ಬ ಬಗ್ಗಿ ನೋಡುತ್ತಾನೆ. ಗಂಟು ಹಾಕಿದ ಮೇಲೆ ತಾವು ಹಾಕಿದ್ದನ್ನು ತಾವೇ ನಂಬುವುದಿಲ್ಲ, ಬೇರೆಯವನ ಕೈಗೆ ಕೊಟ್ಟು ಎಳೆಸುತ್ತಾರೆ. ಬಂಡೆಯ ಅಂಚಿಗೆ ಹಗ್ಗ ಉಜ್ಜುವಲ್ಲಿ ಗೋಣಿಚೀಲ ಮಡಿಸಿ ಇಡುತ್ತಾರೆ, ಕಾಫಿ ತುಂಬುವ ಅದೇ ಗೋಣಿಚೀಲ.

ಸಿಕ್ಕ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ಈ ಕೆಲಸದ ಸಂಸ್ಕಾರ ಕಾಣುತ್ತದೆ. ಬೈಯುವುದಿಲ್ಲ. ಯಾಕೆ ಬಂದೆ, ಹೇಗೆ ಬಂದೆ ಕೇಳುವುದಿಲ್ಲ. ಹತ್ತಿರ ಕೂತು ಮೊದಲು ಕೇಳುವುದು, ‘ಬೆಳಿಗ್ಗೆ ಎಂಥ ತಿಂದಿದ್ರಿ?’ ಆ ಪ್ರಶ್ನೆಗೆ ಸರಿಯಾಗಿ ಉತ್ತರ ಬಂದರೆ ತಲೆ ನೆಟ್ಟಗಿದೆ ಎಂದು ಅರ್ಥ. ತೊದಲಿದರೆ ಚಳಿ ಒಳಗಿಳಿದಿದೆ ಎಂದು ಅರ್ಥ. ಬೆವರಿ ಒದ್ದೆಯಾದ ಅಂಗಿ ಬಿಚ್ಚಿಸಿ ತಮ್ಮ ಸ್ವೆಟರು ತೊಡಿಸುತ್ತಾರೆ. ನೆಲದ ತಣ್ಪು ತಾಗದಂತೆ ಅಡಿಗೆ ಹುಲ್ಲು, ಅದರ ಮೇಲೆ ಕಂಬಳಿ. ಎಚ್ಚರವಿದ್ದವರಿಗೆ ಫ್ಲಾಸ್ಕಿನಿಂದ ಬೆಲ್ಲದ ಬಿಸಿ ಕಾಫಿ, ಗುಟುಕು ಗುಟುಕಾಗಿ. ಚಳಿಗೆ ಒಳ್ಳೆಯದೆಂದು ಬ್ರಾಂದಿ ಕುಡಿಸುತ್ತಿದ್ದ ಕಾಲ ಹೋಯಿತು. ಮದ್ಯ ಚರ್ಮವನ್ನು ಬೆಚ್ಚಗೆ ಮಾಡಿ ಒಡಲಿನ ಕಾವನ್ನು ಹೊರಗೆ ಕಳೆಯುತ್ತದೆ ಎಂಬುದು ಈಗಿನ ಹುಡುಗರಿಗೆಲ್ಲ ಗೊತ್ತಿದೆ.

ನಡೆಯಲಾಗದವರಿಗೆ ಜೋಲಿ. ಮಲೆನಾಡಿನಲ್ಲಿ ರಸ್ತೆ ಇಲ್ಲದ ಮನೆಗಳಿಂದ ಬಾಣಂತಿಯರನ್ನು, ಮುದುಕರನ್ನು ಹೊತ್ತು ತಂದದ್ದು ಇದರಲ್ಲೇ: ಒಂದು ಗಟ್ಟಿ ಬಿದಿರು, ಅದಕ್ಕೆ ಬಿಗಿದ ಕಂಬಳಿ. ಬೆನ್ನುಮೂಳೆಗೆ ಪೆಟ್ಟಾದವರನ್ನು ಇದರಲ್ಲಿ ಹೊರಬಾರದು, ಅವರಿಗೆ ಹಲಗೆಯೇ ಬೇಕು. ಉಳಿದಂತೆ ಒಂದಡಿ ಅಗಲದ ದಾರಿಗೆ ಇದಕ್ಕಿಂತ ಒಳ್ಳೆಯ ವಾಹನವಿಲ್ಲ. ಒಂದು ಡಿಸೆಂಬರ್ ರಾತ್ರಿ ನಾನು ಜೋಲಿಯ ಹಿಂದೆ ಟಾರ್ಚು ಹಿಡಿದು ಇಳಿದಿದ್ದೆ. ಹೊತ್ತವರ ಕಾಲುಗಳನ್ನೇ ನೋಡುತ್ತಿದ್ದೆ. ಮುಂದಿನವನ ಎಡಗಾಲು ಎದ್ದಾಗ ಹಿಂದಿನವನ ಬಲಗಾಲು ಏಳುತ್ತಿತ್ತು. ಇಬ್ಬರೂ ಒಂದೇ ಕಾಲು ಹಾಕಿದರೆ ಜೋಲಿ ತೊಟ್ಟಿಲಿನಂತೆ ತೂಗಲು ಶುರುಮಾಡುತ್ತದೆ, ಒಳಗಿನವನಿಗೆ ಓಕರಿಕೆ, ಹೊತ್ತವನಿಗೆ ಜಾರಿಕೆ. ಬೇಕೆಂದೇ ಹೆಜ್ಜೆ ತಪ್ಪಿಸಿ ನಡೆಯುವುದರಿಂದ ಬಿದಿರು ಅಲುಗದೆ ಸಾಗುತ್ತದೆ. ಹೆಗಲು ಬದಲಿಸುವುದಂತೂ ಕಣ್ಣಿಗೆ ಹಬ್ಬ. ಹಿಂದಿನಿಂದ ಬಂದವನು ಬೆನ್ನ ಮೇಲೆ ಕೈ ಇಡುತ್ತಾನೆ. ಹೊತ್ತವನು ತಲೆ ಬಗ್ಗಿಸುತ್ತಾನೆ. ಹೊಸ ಹೆಗಲು ಬಿದಿರಿನಡಿ ಸೇರುತ್ತದೆ, ಹಳೆಯದು ಜಾರಿಕೊಳ್ಳುತ್ತದೆ. ನಡಿಗೆ ನಿಲ್ಲುವುದಿಲ್ಲ. ಸಾಕಾಯಿತು ಎಂದು ಯಾರೂ ಹೇಳುವುದಿಲ್ಲ, ಹೇಳುವ ಮೊದಲೇ ಕೈ ಬೆನ್ನಿಗೆ ಬಂದಿರುತ್ತದೆ. ಒಳಗಿದ್ದ ಹುಡುಗ ಅರ್ಧ ದಾರಿಯಲ್ಲಿ ನಿದ್ದೆಹೋದ. ಅವನು ಮಾತು ನಿಲ್ಲಿಸಿದ್ದು ಕೇಳಿ ಪಕ್ಕದಲ್ಲಿ ನಡೆಯುತ್ತಿದ್ದವನು ಕೂಡಲೇ ಕಂಬಳಿಯೊಳಗೆ ಕೈ ಹಾಕಿ ಭುಜ ಅಲುಗಿಸಿ, ಅವನ ಊರಿನ ಬಸ್ಸಿನ ಟೈಮು ಕೇಳತೊಡಗಿದ. ಕೆಳಗೆ ಮುಟ್ಟುವವರೆಗೂ ಬಸ್ಸಿನ ಮಾತೇ ನಡೆಯಿತು.

ಎಲ್ಲ ಹುಡುಕಾಟವೂ ಹೀಗೆ ಮುಗಿಯುವುದಿಲ್ಲ. 2021ರ ಜನವರಿ 25ರಂದು ಎಳನೀರಿನ ಹತ್ತಿರದ ಬಂಗಾರಪಲ್ಕೆ ಜಲಪಾತದಲ್ಲಿ ಗುಡ್ಡ ಕುಸಿದು ಯುವಕನೊಬ್ಬ ಮಣ್ಣು, ಬಂಡೆಗಳ ಅಡಿ ಸಿಕ್ಕಿಕೊಂಡ. ಯಂತ್ರಗಳು ಸುಲಭವಾಗಿ ಹೋಗುವ ಜಾಗವಲ್ಲ ಅದು. ಇಲಾಖೆಗಳವರ ಜೊತೆ ಸ್ವಯಂಸೇವಕರು, ಊರಿನವರು ಹಾರೆ ಗುದ್ದಲಿ ಹಿಡಿದು ಇಳಿದರು. ಒಂದೆರಡು ದಿನದಲ್ಲೇ ಎಲ್ಲರಿಗೂ ಗೊತ್ತಾಗಿತ್ತು, ಇನ್ನು ಸಿಗುವುದು ಜೀವವಲ್ಲ. ಆದರೂ ಬಿಡಲಿಲ್ಲ. ಇಪ್ಪತ್ತು ದಿನ ದಾಟಿ, ಫೆಬ್ರವರಿಯ ನಡುವಿನಲ್ಲಿ ದೇಹ ಸಿಕ್ಕಿತು. ಜೀವ ಉಳಿಸುವ ಆಸೆಯಲ್ಲಿ ಅಗೆಯುವುದಕ್ಕೆ ಆ ಆಸೆಯೇ ಬಲ ಕೊಡುತ್ತದೆ. ಆ ಆಸೆ ಹೋದ ಮೇಲೂ, ಹೆತ್ತವರಿಗೆ ಒಪ್ಪಿಸಬೇಕು ಎಂಬ ಒಂದೇ ಕಾರಣಕ್ಕೆ ಬೆಳಗಾದರೆ ಮತ್ತೆ ಗುದ್ದಲಿ ಹಿಡಿದವರ ಬಗ್ಗೆ ನನಗೆ ಇರುವ ಗೌರವಕ್ಕೆ ಅಳತೆಯಿಲ್ಲ. ಈ ಕೆಲಸದ ಅತ್ಯಂತ ಎತ್ತರದ ಜಾಗ ಅದೇ ಎಂದು ನಾನು ನಂಬಿದ್ದೇನೆ.

ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಹುಡುಕಿದ್ದೂ ಹಾಗೆಯೇ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಯಾರೂ ಬದುಕಿರಲಾರರು ಎಂದು ದೇಶ ಸಂತಾಪವನ್ನೂ ಸೂಚಿಸಿಯಾಗಿತ್ತು. ಸೈನಿಕರು ಮಾತ್ರ ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಕೊರೆಯುತ್ತಲೇ ಇದ್ದರು, ಡಾಟ್ ಮತ್ತು ಮಿಶಾ ಎಂಬ ನಾಯಿಗಳು ಮೂಸುತ್ತಲೇ ಇದ್ದವು. ಆರನೆಯ ದಿನ ಹನುಮಂತಪ್ಪ ಉಸಿರಾಡುತ್ತಿದ್ದರು. ಫೆಬ್ರವರಿ 11ರಂದು ಆಸ್ಪತ್ರೆಯಲ್ಲಿ ಆ ಉಸಿರು ನಿಂತಿತು. ಆದರೆ ಆ ಮಧ್ಯದ ದಿನಗಳಲ್ಲಿ ಕನ್ನಡ ನಾಡಿನ ಮನೆಮನೆಯಲ್ಲಿ ಜನ ಹೊತ್ತಿದ್ದ ಹರಕೆಗಳು ನಿಜ. ಹುಡುಕಿದವರು ಅಷ್ಟನ್ನಾದರೂ ನಮಗೆ ದೊರಕಿಸಿದರು. ಅವರ ಮನೆಯವರಿಗೆ ಅವರನ್ನು ಉಸಿರಿರುವಾಗಲೇ ಕಾಣಲು ಸಿಕ್ಕಿದ್ದೂ ಅದರಿಂದಲೇ.

ನಮ್ಮ ಗುಡ್ಡದ ಹುಡುಗರು ಇಂಥ ದೊಡ್ಡ ಹೋಲಿಕೆಗೆ ಒಪ್ಪುವವರಲ್ಲ. ಜೋಲಿಯ ಹುಡುಗನನ್ನು 108ರ ಆಂಬುಲೆನ್ಸಿಗೆ ಏರಿಸಿ, ಅವನ ಅಪ್ಪನಿಗೆ ಫೋನು ಮಾಡಿಸಿ, ಬೆಳಗಿನ ಜಾವ ಹೋಟೆಲಿನ ಬಾಗಿಲು ತೆರೆಯುವುದನ್ನೇ ಕಾದು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ನೀರುದೋಸೆಯ ಮೊದಲ ತಟ್ಟೆ ಬರುವ ಹೊತ್ತಿಗೆ ಜಗಳ ಶುರುವಾಗಿತ್ತು. ಪ್ರತಿ ಹುಡುಕಾಟದ ನಂತರವೂ ಈ ಜಗಳ ಇದ್ದೇ ಇದೆ, ಇದರಲ್ಲೇ ಮುಂದಿನ ಸಲದ ಪಾಠ ತಯಾರಾಗುತ್ತದೆ. ಮೇಜಿನ ಮೇಲೆ ಚಟ್ನಿಯ ಬಟ್ಟಲು ದುರ್ಗವಾಯಿತು, ನೀರಿನ ಲೋಟ ಕಲ್ಲುಬಂಡೆಯಾಯಿತು, ಚಮಚ ಹಳ್ಳ.

‘ಮೊದ್ಲೇ ಎಡಕ್ಕೆ ಇಳೀಬೇಕಿತ್ತು ಅಂದೆ. ಒಂದು ಗಂಟೆ ಉಳೀತಿತ್ತು.’

‘ಎಡಕ್ಕೆ ಇಳ್ದು ಎಲ್ಲಿಗೆ ಹೋಗ್ತೀಯ ಮಾರಾಯ? ಅಲ್ಲಿ ಕಾಟಿ ಹಿಂಡು ಇತ್ತು, ವಾಸನೆ ಬರ್ಲಿಲ್ವಾ ನಿಂಗೆ?’

‘ಬಂತು. ಆದ್ರೂ ಏಣಿನ ಮೇಲಿಂದ ಇನ್ನೊಂದು ಕೂಗು ಹಾಕಿ ನೋಡ್ಬಹುದಿತ್ತು.’

‘ಸರಿ, ಮುಂದಿನ್ಸಲ ನೀನೇ ಕೂಗು. ಈಗ ಆ ಚಮಚ ಸರಿಯಾಗಿ ಇಡು. ಹಳ್ಳ ಅಲ್ಲಿ ತಿರುಗಲ್ಲ, ಇಲ್ಲಿ ತಿರುಗುತ್ತೆ.’